ಯೂನಿಯನ್ ಕಟ್ಟುವುದು, ಬೇಡಿಕೆ ಇಡುವುದು, ಕಿರುಕುಳ ಎದುರಿಸುವುದು: ಕಾರ್ಮಿಕರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಬಿಡದಿ, ನಂಜನಗೂಡಿನ ಕಾರ್ಖಾನೆಗಳಿಂದ ಹಿಡಿದು ವೈಟ್‌ಫೀಲ್ಡ್‌ನ ಐಟಿ ಕಚೇರಿಗಳವರೆಗೆ ಕಾರ್ಮಿಕರು ಕೇಳುವ ಪ್ರಶ್ನೆಗಳು ಇವು. ಹೆಚ್ಚಿನ ಸಂಘಗಳು ಸೋಲುವುದು ಗೇಟಿನ ಮುಂದೆ ಅಲ್ಲ, ಕಾಗದದಲ್ಲಿ. ದಿನಾಂಕ ತಪ್ಪಿರುತ್ತದೆ, ರಸೀದಿ ಇರುವುದಿಲ್ಲ, ನೋಟಿಸ್ ತಲುಪಿದ್ದಕ್ಕೆ ಪುರಾವೆ ಸಿಗುವುದಿಲ್ಲ. ಅದಕ್ಕೇ ಇಲ್ಲಿ ಸಂಖ್ಯೆ ಮತ್ತು ಗಡುವುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇವೆ.

ಹಳೆಯ ಕಾಯ್ದೆಗಳು ಹೋದವಾ? ಈಗ ಯಾವ ಕಾನೂನು?

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಯಲ್ಲಿದೆ. 1926ರ ಕಾರ್ಮಿಕ ಸಂಘಗಳ ಕಾಯ್ದೆ, 1946ರ ಸ್ಥಾಯಿ ಆದೇಶಗಳ (ಕೆಲಸದ ಷರತ್ತು, ಶಿಸ್ತಿನ ನಿಯಮಗಳ) ಕಾಯ್ದೆ, 1947ರ ಕೈಗಾರಿಕಾ ವಿವಾದಗಳ ಕಾಯ್ದೆ, ಈ ಮೂರರ ಜಾಗಕ್ಕೆ ಅದು ಬಂದಿದೆ. ಹಳೆಯ ಕಾಯ್ದೆಯಡಿ ನೋಂದಣಿಯಾಗಿ ಚಾಲ್ತಿಯಲ್ಲಿದ್ದ ಸಂಘ ಹೊಸದಾಗಿ ನೋಂದಾಯಿಸಿಕೊಳ್ಳಬೇಕಿಲ್ಲ. ಆದರೆ ಬೈಲಾವನ್ನು ಸಂಹಿತೆಗೆ ತಕ್ಕಂತೆ ತಿದ್ದಿಕೊಂಡಿದ್ದೇವೆ ಎಂಬ ಹೇಳಿಕೆಯನ್ನು ರಿಜಿಸ್ಟ್ರಾರ್‌ಗೆ ಸಲ್ಲಿಸಲೇಬೇಕು. ಇದನ್ನು ಮುಂದೂಡಬೇಡಿ. ಮಾನ್ಯತೆಯ ಪ್ರಶ್ನೆ ಎದ್ದ ದಿನ ಆಡಳಿತ ವರ್ಗದ ವಕೀಲರು ಮೊದಲು ಕೇಳುವ ಕಾಗದ ಇದೇ.

ನನ್ನ ಸಂಬಳ 18,000 ರೂಪಾಯಿ ದಾಟಿದೆ. ನಾನು ಕಾರ್ಮಿಕನೇ ಅಲ್ಲ ಎನ್ನುತ್ತಾರೆ ಎಚ್‌ಆರ್. ನಿಜವೇ?

ಅಲ್ಲ. ಆ 18,000ದ ಮಿತಿ ಇರುವುದು ಮೇಲ್ವಿಚಾರಣೆಯ ಕೆಲಸ ಮಾಡುವವರಿಗೆ ಮಾತ್ರ. ಕೈಕೆಲಸ, ಕುಶಲ ಕೆಲಸ, ತಾಂತ್ರಿಕ ಕೆಲಸ, ಗುಮಾಸ್ತರ ಕೆಲಸ ಮಾಡುವವರು ತಿಂಗಳಿಗೆ ಲಕ್ಷ ರೂಪಾಯಿ ಪಡೆದರೂ ಕಾನೂನಿನ ಕಣ್ಣಲ್ಲಿ ಕಾರ್ಮಿಕರೇ. ಆಡಳಿತ ಅಥವಾ ವ್ಯವಸ್ಥಾಪನೆಯ ಹುದ್ದೆಯಲ್ಲಿರುವವರು ಸಂಬಳ ಎಷ್ಟೇ ಇರಲಿ ಹೊರಗೆ. ಅದನ್ನು ನಿರ್ಧರಿಸುವುದು ಹುದ್ದೆಯ ಹೆಸರಲ್ಲ, ನೀವು ದಿನವೂ ಮಾಡುವ ಕೆಲಸ. ರಜೆ ಮಂಜೂರು ಮಾಡುವ, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರವಿಲ್ಲದವರಿಗೆ 'ಅಸಿಸ್ಟೆಂಟ್ ಮ್ಯಾನೇಜರ್' ಎಂದು ಕಾರ್ಡು ಕೊಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ಸಂಘ ಕಟ್ಟುವುದು ಸಂವಿಧಾನದ 19(1)(ಸಿ) ವಿಧಿ ಕೊಟ್ಟ ಮೂಲಭೂತ ಹಕ್ಕು. ಮುಷ್ಕರ ಹೂಡುವುದು ಹಾಗಲ್ಲ. ಅದು ಶಾಸನ ಕೊಟ್ಟ ಹಕ್ಕು, ಶಾಸನದ ಷರತ್ತುಗಳಿಗೆ ಕಟ್ಟುಬಿದ್ದದ್ದು.

ನೋಂದಣಿಗೆ ಎಷ್ಟು ಜನ ಬೇಕು?

ಅರ್ಜಿಗೆ ಸಹಿ ಹಾಕಲು ಕನಿಷ್ಠ 7 ಜನ. ಅದರ ಜೊತೆಗೆ, ಅರ್ಜಿ ಹಾಕುವ ದಿನ ಆ ಸಂಸ್ಥೆಯ ಕಾರ್ಮಿಕರಲ್ಲಿ ಶೇ. 10 ಅಥವಾ 100 ಜನ, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಜನ ಸದಸ್ಯರಾಗಿರಬೇಕು. 640 ಜನರ ಕಾರ್ಖಾನೆಯಲ್ಲಿ 64 ಸದಸ್ಯರು ಸಾಕು. 1,500 ಜನರಿದ್ದರೆ 150 ಬೇಡ, 100 ಸಾಕು. 45 ಜನರ ಘಟಕದಲ್ಲಿ ಮಾತ್ರ ಶೇಕಡಾ ಲೆಕ್ಕ ಏನೇ ಬರಲಿ, 7ಕ್ಕಿಂತ ಕಡಿಮೆಯಾಗುವಂತಿಲ್ಲ.

ಏಳೇ ಜನರ ಸಹಿಯೊಂದಿಗೆ ಹೋಗಬೇಡಿ. ಅರ್ಜಿ ಹಾಕಿದ ಮೇಲೆ, ನೋಂದಣಿ ಆಗುವ ಮೊದಲು, ಸಹಿ ಮಾಡಿದವರಲ್ಲಿ ಅರ್ಧದವರೆಗೆ ಹಿಂದೆ ಸರಿದರೂ ಅರ್ಜಿ ಬಿದ್ದುಹೋಗುವುದಿಲ್ಲ. ಅರ್ಧ ದಾಟಿದರೆ ಬೀಳುತ್ತದೆ. ಏಳರಲ್ಲಿ ನಾಲ್ವರನ್ನು ಛೇಂಬರಿಗೆ ಕರೆದು ಹೆದರಿಸುವುದು ಆಡಳಿತ ವರ್ಗಕ್ಕೆ ಒಂದು ಮಧ್ಯಾಹ್ನದ ಕೆಲಸ. ಇಪ್ಪತ್ತು ಜನ ಸಹಿ ಹಾಕಿದ್ದರೆ ಹನ್ನೊಂದು ಜನರನ್ನು ಒಡೆಯಬೇಕಾಗುತ್ತದೆ.

ಅರ್ಜಿಯ ಜೊತೆ ಏನೇನಿರಬೇಕು? ಅರ್ಜಿಗಳು ವಾಪಸ್ ಬರುವುದು ಯಾಕೆ?

ಪ್ರಮಾಣಪತ್ರದ ರೂಪದ ಘೋಷಣೆ, ಬೈಲಾ, ಆ ಬೈಲಾವನ್ನು ಸದಸ್ಯರು ಒಪ್ಪಿದ ನಿರ್ಣಯ, ಅರ್ಜಿದಾರರಿಗೆ ಅಧಿಕಾರ ಕೊಟ್ಟ ನಿರ್ಣಯ, ಪದಾಧಿಕಾರಿಗಳ ಹೆಸರು, ವಯಸ್ಸು, ವಿಳಾಸ, ಉದ್ಯೋಗದ ವಿವರ. ಸಂಘ ಹುಟ್ಟಿ ವರ್ಷ ದಾಟಿದ್ದರೆ ಆಸ್ತಿ-ಹೊಣೆಗಳ ಪಟ್ಟಿಯೂ ಬೇಕು.

ತಕರಾರು ಏಳುವುದು ಸಾಮಾನ್ಯವಾಗಿ ಬೈಲಾದಲ್ಲಿ. ಸಂಘದ ಹೆಸರು, ಉದ್ದೇಶ, ನಿಧಿಯನ್ನು ಯಾವುದಕ್ಕೆ ಬಳಸಬಹುದು, ಸದಸ್ಯರ ಪಟ್ಟಿಯನ್ನು ಯಾರು ನೋಡಬಹುದು, ಚಂದಾ ಎಷ್ಟು, ಚುನಾವಣೆ ಹೇಗೆ, ಪದಾಧಿಕಾರಿಯನ್ನು ತೆಗೆಯುವುದು ಹೇಗೆ, ವಾರ್ಷಿಕ ಆಡಿಟ್, ಬೈಲಾ ತಿದ್ದುಪಡಿ, ವಿಸರ್ಜನೆ, ಇವೆಲ್ಲ ಅದರಲ್ಲಿ ಇರಲೇಬೇಕು. ಪದಾಧಿಕಾರಿಗಳ ಅವಧಿ ಮೂರು ವರ್ಷ ಮೀರಬಾರದು. ಬೇರೊಂದು ಸಂಘದ ಬೈಲಾವನ್ನು ಜೆರಾಕ್ಸ್ ಮಾಡಿ ಹೆಸರು ಮಾತ್ರ ಬದಲಿಸಿದರೆ ಎಲ್ಲೋ ಒಂದು ಕಡೆ ಹಳೆಯ ಕಾರ್ಖಾನೆಯ ಹೆಸರು ಉಳಿದುಬಿಡುತ್ತದೆ, ಅರ್ಜಿ ವಾಪಸ್ ಬರುತ್ತದೆ. ಈಗಾಗಲೇ ನೋಂದಣಿಯಾದ ಸಂಘದ ಹೆಸರನ್ನು ಹೋಲುವ ಹೆಸರಿಟ್ಟರೂ ಬದಲಿಸಲು ಹೇಳುತ್ತಾರೆ.

ಕಚೇರಿಯಲ್ಲಿ ಕೇಳಲಿ ಬಿಡಲಿ, ಮೂರು ಪುಸ್ತಕಗಳನ್ನು ಮೊದಲ ದಿನದಿಂದ ಇಡಿ: ಸದಸ್ಯತ್ವದ ರಿಜಿಸ್ಟರ್, ಕ್ರಮಸಂಖ್ಯೆ ಇರುವ ರಸೀದಿ ಪುಸ್ತಕ, ಸಭೆಯ ನಡಾವಳಿ. ಮುಂದೆ ಸದಸ್ಯಬಲ ಸಾಬೀತು ಮಾಡುವ ದಿನ ವಾಟ್ಸ್ಆ್ಯಪ್ ಗುಂಪಿನ ಸಂಖ್ಯೆಗೆ ಬೆಲೆಯಿಲ್ಲ. ಟೋಕನ್ ನಂಬರ್, ಸಹಿ, ಚಂದಾ ಕಟ್ಟಿದ ರಸೀದಿ, ಈ ಮೂರೂ ತಾಳೆಯಾಗಬೇಕು.

ಹೊರಗಿನವರನ್ನು ಅಧ್ಯಕ್ಷರನ್ನಾಗಿ ಮಾಡಬಹುದೇ?

ಮಾಡಬಹುದು. ಸಂಘಟಿತ ವಲಯದಲ್ಲಿ ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ 5 ಜನ, ಯಾವುದು ಕಡಿಮೆಯೋ ಅಷ್ಟು ಜನ ಹೊರಗಿನವರು ಇರಬಹುದು. ಅಸಂಘಟಿತ ವಲಯದಲ್ಲಿ ಅರ್ಧದವರೆಗೆ. ಹೊಸ ಸಂಘಕ್ಕೆ ಒಬ್ಬರೋ ಇಬ್ಬರೋ ಅನುಭವಿಗಳು ಹೊರಗಿನಿಂದ ಇರುವುದು ಒಳ್ಳೆಯದೇ. ಅವರನ್ನು ಕೆಲಸದಿಂದ ತೆಗೆಯುತ್ತೇವೆಂದು ಯಾರೂ ಹೆದರಿಸಲಾರರು.

ನೋಂದಣಿ ಆಯಿತು. ಇನ್ನು ಆಡಳಿತ ವರ್ಗ ನಮ್ಮೊಂದಿಗೆ ಮಾತುಕತೆಗೆ ಕೂರಲೇಬೇಕಲ್ಲವೇ?

ಇಲ್ಲ. ನೋಂದಣಿ ಬೇರೆ, ಮಾನ್ಯತೆ ಬೇರೆ. ಕೇಂದ್ರ ಕಾನೂನಿನಲ್ಲಿ ಮಾನ್ಯತೆಗೆ ಹಿಂದೆ ಗಟ್ಟಿ ಆಧಾರವೇ ಇರಲಿಲ್ಲ. 1958ರ ಶಿಸ್ತು ಸಂಹಿತೆ ಇತ್ತು, ಅದು ಸ್ವಯಂಪ್ರೇರಿತ ಒಪ್ಪಂದವಾಗಿತ್ತೇ ಹೊರತು ಕಾನೂನಾಗಿರಲಿಲ್ಲ. ಹೊಸ ಸಂಹಿತೆಯ 14ನೇ ಕಲಮು ಈ ಕೊರತೆಯನ್ನು ತುಂಬಿದೆ.

ಒಂದಕ್ಕಿಂತ ಹೆಚ್ಚು ಸಂಘಗಳಿದ್ದರೆ, ಕಂಪನಿಯ ಹಾಜರಿ ಪಟ್ಟಿಯಾದ ಮಸ್ಟರ್ ರೋಲ್‌ನಲ್ಲಿರುವ ಕಾರ್ಮಿಕರಲ್ಲಿ ಶೇ. 51 ಅಥವಾ ಹೆಚ್ಚು ಬೆಂಬಲವಿರುವ ಸಂಘವೇ ಮಾತುಕತೆ ನಡೆಸುವ ಏಕೈಕ ಸಂಘ. 640 ಜನರಲ್ಲಿ ಅದು 327. ಯಾರಿಗೂ ಅಷ್ಟು ಬಲವಿಲ್ಲದಿದ್ದರೆ ಮಾತುಕತೆ ಮಂಡಳಿ ರಚನೆಯಾಗುತ್ತದೆ. ಶೇ. 20, ಅಂದರೆ ಇಲ್ಲಿ 128 ಕಾರ್ಮಿಕರ ಬೆಂಬಲವಿರುವ ಸಂಘಗಳಿಗೆ ಮಾತ್ರ ಅದರಲ್ಲಿ ಜಾಗ. ಮಂಡಳಿಯಲ್ಲಿ ಸಂಘಗಳ ಪ್ರತಿನಿಧಿಗಳ ಬಹುಮತ ಒಪ್ಪಿದರೆ ಒಪ್ಪಂದ ಆದಂತೆ. ಸಂಸ್ಥೆಯಲ್ಲಿ ಒಂದೇ ಸಂಘವಿದ್ದರೆ ನಿಯಮಗಳಲ್ಲಿ ಹೇಳಿರುವ ಮಾನದಂಡ ಪೂರೈಸಿದಾಗ ಅದಕ್ಕೇ ಮಾನ್ಯತೆ. ಅವಧಿ ಮೂರು ವರ್ಷ, ಎರಡೂ ಕಡೆ ಒಪ್ಪಿದರೆ ಒಟ್ಟು ಐದು ವರ್ಷದವರೆಗೆ.

ಈ ಕಲಮಿನಿಂದ ಲಾಭವೂ ಇದೆ, ಅಪಾಯವೂ ಇದೆ. ಒಗ್ಗಟ್ಟಾಗಿರುವ ಕಡೆ 51ರ ಗೆರೆ ಆಡಳಿತ ವರ್ಗವನ್ನು ಮೇಜಿಗೆ ತರುತ್ತದೆ. ಮೂರ್ನಾಲ್ಕು ಬಣಗಳಿರುವ ಕಡೆ ಶೇ. 18 ಇರುವ ಸಂಘಕ್ಕೆ ಮಾತನಾಡುವ ಅವಕಾಶವೇ ಇರುವುದಿಲ್ಲ. ಕಂಪನಿಯೇ ಬೆನ್ನಿಗೆ ನಿಂತು ಇನ್ನೊಂದು ಸಂಘ ಹುಟ್ಟಿಸಿದರೆ ಲೆಕ್ಕ ಕೆಡುವುದು ಸುಲಭ. ಆದ್ದರಿಂದ ಸಣ್ಣ ಸಂಘಗಳು ಮಾನ್ಯತೆಯ ಲೆಕ್ಕಕ್ಕೆ ಮೊದಲೇ ಸೇರಿಕೊಳ್ಳುವುದು ಜಾಣತನ ಎಂಬುದು ನಮ್ಮ ಅಭಿಪ್ರಾಯ.

ಬೇಡಿಕೆ ಪಟ್ಟಿ ಹೇಗಿರಬೇಕು?

ಮೊದಲು ಸಾಮಾನ್ಯ ಸಭೆಯಲ್ಲಿ ನಿರ್ಣಯ, ಆಮೇಲೆ ಪತ್ರ. ಪತ್ರ ತಲುಪಿದ್ದಕ್ಕೆ ಸ್ವೀಕೃತಿಯ ಮುದ್ರೆ ತೆಗೆದುಕೊಳ್ಳಿ, ಕೊಡದಿದ್ದರೆ ಸ್ಪೀಡ್ ಪೋಸ್ಟ್ ಮತ್ತು ಇ-ಮೇಲ್ ಎರಡರಲ್ಲೂ ಕಳುಹಿಸಿ. ಒಂದು ಪ್ರತಿ ಕಾರ್ಮಿಕ ಅಧಿಕಾರಿಗೆ.

ನಲವತ್ತು ಬೇಡಿಕೆಗಳ ಪಟ್ಟಿಗಿಂತ ಹತ್ತು ಬೇಡಿಕೆಗಳ ಪಟ್ಟಿಗೆ ತೂಕ ಹೆಚ್ಚು. ಪ್ರತಿ ಬೇಡಿಕೆಯ ಕೆಳಗೆ ಈಗ ಎಷ್ಟಿದೆ, ಎಷ್ಟು ಬೇಕು, ಒಬ್ಬರಿಗೆ ತಿಂಗಳಿಗೆ ತಗಲುವ ಖರ್ಚೆಷ್ಟು ಎಂದು ಬರೆಯಿರಿ. ಕಂಪನಿಯ ವಾರ್ಷಿಕ ಲೆಕ್ಕಪತ್ರವನ್ನು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಪಡೆಯಬಹುದು. ಒಟ್ಟು ವಹಿವಾಟಿನಲ್ಲಿ ಸಂಬಳದ ಪಾಲು ಮೂರು ವರ್ಷದಲ್ಲಿ ಏರಿದೆಯೋ ಇಳಿದಿದೆಯೋ ಅದರಲ್ಲಿ ಕಾಣುತ್ತದೆ. 'ಕಂಪನಿಗೆ ನಷ್ಟ' ಎಂಬ ಮಾತಿಗೆ ಬಾಯಿಮಾತಿನ ಉತ್ತರ ಸಾಲದು, ಈ ಅಂಕಿಗಳೇ ಬೇಕು. ತುಟ್ಟಿಭತ್ಯೆ ಕೇಳುವಾಗ ಗ್ರಾಹಕ ಬೆಲೆ ಸೂಚ್ಯಂಕದ ಪ್ರತಿ ಅಂಕಕ್ಕೆ ಇಷ್ಟು ಎಂದು ಕೇಳಿ. ಮೊತ್ತವನ್ನಷ್ಟೇ ಕೇಳಿದರೆ ಎರಡನೇ ವರ್ಷಕ್ಕೇ ಅದು ಬೆಲೆಯೇರಿಕೆಯಲ್ಲಿ ಕರಗುತ್ತದೆ.

ಗಾರ್ಮೆಂಟ್ಸ್‌ನಂಥ ಹೆಣ್ಣುಮಕ್ಕಳೇ ಹೆಚ್ಚಿರುವ ಕಡೆ ಗಂಟೆಯ ಟಾರ್ಗೆಟ್, ಶೌಚಾಲಯಕ್ಕೆ ಹೋಗಿಬರುವ ಸಮಯ, ಶಿಶುವಿಹಾರ, ಸಂಜೆಯ ಬಸ್ಸು, ಇವು ಪಟ್ಟಿಯ ಕೊನೆಗೆ ಜಾರದಂತೆ ನೋಡಿಕೊಳ್ಳಿ. ಸಂಬಳದ ಚರ್ಚೆ ಮುಗಿದ ಮೇಲೆ ಕೊನೆಯ ಪುಟದ ಬೇಡಿಕೆಗಳನ್ನು 'ನೋಡೋಣ' ಎಂದು ಕೈಬಿಡುವುದು ಬಹಳ ಕಡೆ ನಡೆದಿದೆ. ಮಾತುಕತೆಯ ತಂಡದಲ್ಲೇ ಹೆಣ್ಣುಮಕ್ಕಳು ಕೂತಿದ್ದರೆ ಹಾಗಾಗುವುದಿಲ್ಲ.

'12(3) ಒಪ್ಪಂದ' ಎನ್ನುತ್ತಾರಲ್ಲ, ಅದೇನು? ಈಗಲೂ ಇದೆಯೇ?

ಹಳೆಯ ಕಾಯ್ದೆಯ 12(3)ನೇ ಕಲಮಿನಡಿ ಸಂಧಾನಾಧಿಕಾರಿಯ ಮುಂದೆ ಆಗುತ್ತಿದ್ದ ಒಪ್ಪಂದಕ್ಕೆ ಆ ಹೆಸರು. ಕಲಮಿನ ಸಂಖ್ಯೆ ಬದಲಾಗಿದೆ, ತತ್ವ ಬದಲಾಗಿಲ್ಲ. ಅಧಿಕಾರಿಯ ಸಂಧಾನದಲ್ಲಿ ಆದ ಒಪ್ಪಂದ ಆ ಸಂಸ್ಥೆಯ ಎಲ್ಲ ಕಾರ್ಮಿಕರಿಗೂ ಅನ್ವಯಿಸುತ್ತದೆ, ಸಂಘದ ಸದಸ್ಯರಲ್ಲದವರಿಗೂ, ನಾಳೆ ಸೇರುವವರಿಗೂ. ಅಧಿಕಾರಿಯಿಲ್ಲದೆ ನೇರವಾಗಿ ಮಾಡಿಕೊಂಡ ಒಪ್ಪಂದ ಸಹಿ ಹಾಕಿದ ಪಕ್ಷಗಳಿಗೆ ಮಾತ್ರ. ಆದ್ದರಿಂದ ನೇರ ಮಾತುಕತೆಯಲ್ಲಿ ಎಲ್ಲ ಬಗೆಹರಿದರೂ ಕೊನೆಯ ಸಹಿಯನ್ನು ಸಂಧಾನಾಧಿಕಾರಿಯ ಮುಂದೆ ಹಾಕುವುದು ಒಳ್ಳೆಯದು.

ಅವಧಿ ಬರೆಯದಿದ್ದರೆ ಒಪ್ಪಂದದ ಆಯಸ್ಸು ಆರು ತಿಂಗಳು. ಬರೆದ ಅವಧಿ ಮುಗಿದ ಮೇಲೂ ಅದು ತಾನಾಗಿ ಸಾಯುವುದಿಲ್ಲ. ಒಪ್ಪಂದ ಕೊನೆಗೊಳಿಸುವ ಲಿಖಿತ ನೋಟಿಸ್ ಕೊಟ್ಟು 60 ದಿನ ಕಳೆಯುವವರೆಗೆ ಜಾರಿಯಲ್ಲಿರುತ್ತದೆ. ಹೊಸ ಬೇಡಿಕೆ ಪಟ್ಟಿ ಕೊಡುವ ಮುನ್ನ ಈ ನೋಟಿಸ್ ಕೊಡಲು ಮರೆತರೆ, 'ಹಳೆಯದು ಇನ್ನೂ ಚಾಲ್ತಿಯಲ್ಲಿದೆ' ಎಂಬ ಒಂದೇ ಮಾತಿನಿಂದ ತಿಂಗಳುಗಟ್ಟಲೆ ತಳ್ಳುತ್ತಾರೆ.

ಮಾತುಕತೆ ಮುರಿದುಬಿದ್ದರೆ?

ಸಂಧಾನಾಧಿಕಾರಿಗೆ ವಿವಾದದ ಅರ್ಜಿ. ರಾಜ್ಯದ ವ್ಯಾಪ್ತಿಯ ಕಾರ್ಖಾನೆಗಳಿಗೆ ರಾಜ್ಯ ಕಾರ್ಮಿಕ ಇಲಾಖೆ. ಬ್ಯಾಂಕ್, ರೈಲ್ವೆ, ವಿಮೆ, ಗಣಿ, ಎಚ್‌ಎಎಲ್, ಬಿಇಎಲ್‌ನಂಥ ಕೇಂದ್ರ ಉದ್ದಿಮೆಗಳಿಗೆ ಕೇಂದ್ರ ಸರ್ಕಾರದ ಕಾರ್ಮಿಕ ಆಯುಕ್ತರ ವ್ಯವಸ್ಥೆ. ತಪ್ಪು ಕಚೇರಿಗೆ ಹೋದರೆ ತಿಂಗಳುಗಳು ಹಾಳು. ವಿವಾದ ಹುಟ್ಟಿ ಎರಡು ವರ್ಷ ದಾಟಿದ್ದರೆ ಸಂಧಾನವೇ ಇಲ್ಲ.

ಸಂಧಾನ 45 ದಿನದೊಳಗೆ ಮುಗಿಯಬೇಕು, ಮುಷ್ಕರದ ನೋಟಿಸ್ ಇದ್ದರೆ 14 ದಿನದೊಳಗೆ. ವಿಫಲವಾದ ವರದಿ ಕೈಸೇರಿದ 90 ದಿನದೊಳಗೆ ಯಾವುದೇ ಪಕ್ಷ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಮೊದಲು ಸರ್ಕಾರ ವಿವಾದವನ್ನು ಒಪ್ಪಿಸಬೇಕಿತ್ತು, ಕಡತ ವಿಧಾನಸೌಧದ ಮೇಜಿನ ಮೇಲೇ ಕೂರುತ್ತಿತ್ತು. ಆ ಅಡ್ಡಿ ಹೋಗಿದೆ. ಸಂಹಿತೆಯಲ್ಲಿ ಕಾರ್ಮಿಕರ ಪಾಲಿಗೆ ನಿಜವಾಗಿಯೂ ಒಳ್ಳೆಯದಾದ ಬದಲಾವಣೆಗಳಲ್ಲಿ ಇದೊಂದು. ಆದರೆ 90 ದಿನದ ಲೆಕ್ಕ ಇಡಬೇಕಾದವರು ಈಗ ನೀವೇ.

ಮುಷ್ಕರಕ್ಕೆ 60 ದಿನ ಮೊದಲು ನೋಟಿಸ್ ಕೊಡಬೇಕಂತೆ, ಹೌದೇ?

ಇದು ಎಲ್ಲೆಡೆ ಹಬ್ಬಿರುವ ತಪ್ಪು ತಿಳಿವಳಿಕೆ. ನೋಟಿಸ್ ಕೊಟ್ಟ ಮೇಲೆ 14 ದಿನ ಕಾಯಬೇಕು. ನೋಟಿಸ್ ಕೊಟ್ಟ 60 ದಿನದೊಳಗೆ ಮುಷ್ಕರ ಶುರುವಾಗಬೇಕು, ದಾಟಿದರೆ ಹೊಸ ನೋಟಿಸ್. ನೋಟಿಸ್‌ನಲ್ಲಿ ದಿನಾಂಕ ಬರೆದಿದ್ದರೆ ಅದಕ್ಕೂ ಮೊದಲು ಇಳಿಯುವಂತಿಲ್ಲ. ಹಿಂದೆ ಇದು ನೀರು, ವಿದ್ಯುತ್, ಸಾರಿಗೆಯಂಥ ಸಾರ್ವಜನಿಕ ಉಪಯೋಗಿ ಸೇವೆಗಳಿಗೆ ಮಾತ್ರ ಇತ್ತು, ಈಗ ಪ್ರತಿ ಕೈಗಾರಿಕೆಗೂ ಇದೆ.

ನಿಜವಾದ ಬಿಗಿ ಇರುವುದು ಮುಂದಿನ ಷರತ್ತಿನಲ್ಲಿ. ನೋಟಿಸ್ ತಲುಪಿದ ಮೇಲೆ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನವೇ ಸಂಧಾನ ಆರಂಭವಾದಂತೆ. ಸಂಧಾನ ನಡೆಯುವಾಗ ಮತ್ತು ಅದು ಮುಗಿದ 7 ದಿನದವರೆಗೆ ಮುಷ್ಕರ ಅಕ್ರಮ. ನ್ಯಾಯಮಂಡಳಿಯ ಮುಂದೆ ವಿಚಾರಣೆ ನಡೆಯುತ್ತಿದ್ದರೆ ಆಗಲೂ, ಮುಗಿದ 60 ದಿನದವರೆಗೂ ಅಕ್ರಮ. ಹದಿನಾಲ್ಕು ದಿನದೊಳಗೆ ಅಧಿಕಾರಿ ಸಭೆ ನಡೆಸಿದರೆ ಕಾನೂನುಬದ್ಧ ಮುಷ್ಕರದ ಬಾಗಿಲು ಬಹುತೇಕ ಮುಚ್ಚಿದಂತೆಯೇ. ಮುಷ್ಕರದ ಹಕ್ಕು ಕಾಗದದಲ್ಲಿ ಉಳಿದು ಕೈಗೆ ಸಿಗದಂತಾಗಿದೆ ಎಂದು ಕಾರ್ಮಿಕ ಸಂಘಗಳು ಸಂಹಿತೆಯನ್ನು ವಿರೋಧಿಸುತ್ತಿರುವುದು ಇದಕ್ಕಾಗಿಯೇ. ಆ ವಿರೋಧ ನ್ಯಾಯವಾದದ್ದು.

ಇನ್ನೊಂದು: ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಒಟ್ಟಾಗಿ ಒಂದೇ ದಿನ ಕ್ಯಾಶುಯಲ್ ರಜೆ ಹಾಕಿದರೆ ಅದೂ ಮುಷ್ಕರವೇ. ಅಕ್ರಮ ಮುಷ್ಕರಕ್ಕೆ ಕಾರ್ಮಿಕರಿಗೆ 1,000ದಿಂದ 10,000 ರೂಪಾಯಿ ದಂಡ ಅಥವಾ ಒಂದು ತಿಂಗಳವರೆಗೆ ಸೆರೆ, ಅಥವಾ ಎರಡೂ. ಪ್ರಚೋದಿಸಿದವರಿಗೆ 10,000ದಿಂದ 50,000.

ಮುಷ್ಕರದ ದಿನಗಳ ಸಂಬಳ ಸಿಗುತ್ತದೆಯೇ?

ಮುಷ್ಕರ ಕಾನೂನುಬದ್ಧವೂ ನ್ಯಾಯೋಚಿತವೂ ಆಗಿದ್ದರೆ ಮಾತ್ರ. ಎರಡೂ ಇರಬೇಕು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 1994ರಲ್ಲಿ, ಮಣಿಪಾಲದ ಸಿಂಡಿಕೇಟ್ ಬ್ಯಾಂಕಿನ ಪ್ರಕರಣದಲ್ಲಿ ಹೇಳಿತು. ಹತ್ತು ಅಥವಾ ಹೆಚ್ಚು ಜನ ಒಟ್ಟಾಗಿ ನೋಟಿಸ್ ಇಲ್ಲದೆ, ಸಕಾರಣವಿಲ್ಲದೆ ಗೈರಾದರೆ, ಗೈರಾದ ದಿನಗಳ ಜೊತೆಗೆ ಇನ್ನೂ 8 ದಿನದವರೆಗಿನ ಸಂಬಳ ಕಡಿತಕ್ಕೆ ವೇತನ ಸಂಹಿತೆಯಲ್ಲಿ ಅವಕಾಶವಿದೆ. ನೇಮಕಾತಿಯ ಕರಾರಿನಲ್ಲಿ ಆ ಷರತ್ತು ಇದೆಯೇ ಎಂದು ನೋಡಿಕೊಳ್ಳಿ.

ಅನುಚಿತ ಕಾರ್ಮಿಕ ಪದ್ಧತಿ ಎಂದರೆ ಯಾವುದು?

ಸಂಹಿತೆಯ ಎರಡನೇ ಅನುಸೂಚಿಯಲ್ಲಿ ಪಟ್ಟಿಯಿದೆ. ಮಾಲೀಕರ ಕಡೆಯಿಂದ ಹೆಚ್ಚಾಗಿ ಕಾಣುವವು: ಸಂಘ ಸೇರಿದರೆ ಕೆಲಸ ಹೋಗುತ್ತದೆ, ಕಾರ್ಖಾನೆ ಮುಚ್ಚುತ್ತೇವೆ ಎಂದು ಬೆದರಿಸುವುದು, ಸಂಘಟನೆ ಕಾವೇರಿದ ಹೊತ್ತಿಗೇ ಸಂಬಳ ಏರಿಸಿ ಜನರನ್ನು ಸೆಳೆಯುವುದು, ಕಂಪನಿಯೇ ಸಾಕುವ ಸಂಘ, ಮುಂದಾಳುಗಳನ್ನು ದೂರದ ಘಟಕಕ್ಕೆ ವರ್ಗ ಮಾಡುವುದು, ಸುಳ್ಳು ಗೈರುಹಾಜರಿ, ಸುಳ್ಳು ಆರೋಪ ಹೊರಿಸಿ ತೆಗೆಯುವುದು, ಕಾನೂನುಬದ್ಧ ಮುಷ್ಕರದಿಂದ ಮರಳಿದವರಿಂದ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಳ್ಳುವುದು, ವರ್ಷಗಟ್ಟಲೆ ಬದಲಿ, ತಾತ್ಕಾಲಿಕ ಎಂದೇ ದುಡಿಸುವುದು, ಒಪ್ಪಂದ ಜಾರಿ ಮಾಡದಿರುವುದು, ಮಾನ್ಯತೆಯಿರುವ ಸಂಘದೊಂದಿಗೆ ಸದ್ಭಾವದಿಂದ ಮಾತುಕತೆಗೆ ಬರದಿರುವುದು.

ಪಟ್ಟಿ ಕಾರ್ಮಿಕರ ಕಡೆಗೂ ಇದೆ, ಓದಿಕೊಳ್ಳಿ. ಘೇರಾವ್, ನಿಧಾನಗತಿಯ ಕೆಲಸ, ಪಾಳಿ ಮುಗಿದ ಮೇಲೂ ಒಳಗೇ ಕೂರುವುದು, ಮಾಲೀಕರ ಮನೆಯೆದುರು ಪ್ರದರ್ಶನ, ಕೆಲಸಕ್ಕೆ ಹೋಗುವವರನ್ನು ದೈಹಿಕವಾಗಿ ತಡೆಯುವುದು, ಇವೆಲ್ಲ ಅದರಲ್ಲಿವೆ.

ದೂರು ಕೊಟ್ಟರೆ ಏನಾಗುತ್ತದೆ?

ಶಿಕ್ಷೆ 10,000ದಿಂದ 2 ಲಕ್ಷ ರೂಪಾಯಿ ದಂಡ. ಹಳೆಯ ಕಾಯ್ದೆಯಲ್ಲಿ ಆರು ತಿಂಗಳವರೆಗಿನ ಸೆರೆವಾಸ ಇತ್ತು, ಅದನ್ನು ತೆಗೆದಿದ್ದಾರೆ. ನ್ಯಾಯಾಲಯಕ್ಕೆ ದೂರು ಹೋಗಬೇಕಾದದ್ದು ಸರ್ಕಾರದಿಂದ ಅಥವಾ ಅದರ ಅನುಮತಿಯಿಂದ. ಗರಿಷ್ಠ ದಂಡದ ಅರ್ಧ ಕಟ್ಟಿ ಪ್ರಕರಣ ರಾಜಿ ಮಾಡಿಕೊಳ್ಳುವ ದಾರಿಯೂ ಇದೆ. ಏನೇ ಆದರೂ ಆ ದುಡ್ಡು ಕಾರ್ಮಿಕರ ಕೈಗೆ ಬರುವುದಿಲ್ಲ. ಹಾಗಾಗಿ ದಂಡದ ದೂರು ಒಂದು ಕಡೆ ಇರಲಿ, ವರ್ಗಾವಣೆ ಅಥವಾ ವಜಾ ರದ್ದಾಗಬೇಕೆಂಬ ವಿವಾದದ ಅರ್ಜಿಯನ್ನು ಜೊತೆಯಲ್ಲೇ ಹಾಕಿ.

ಸಾಬೀತು ಮಾಡಬೇಕಾದ್ದು ಉದ್ದೇಶವನ್ನು, ಅದು ಹೊರಬೀಳುವುದು ದಿನಾಂಕಗಳಲ್ಲಿ. ಸಂಘದ ಪತ್ರ ಕಂಪನಿಗೆ ತಲುಪಿದ ದಿನ, ವರ್ಗಾವಣೆ ಆದೇಶದ ದಿನ, ಆ ತಿಂಗಳು ವರ್ಗವಾದವರಲ್ಲಿ ಪದಾಧಿಕಾರಿಗಳೆಷ್ಟು, ಉಳಿದವರೆಷ್ಟು, ಆ ಹುದ್ದೆಗೆ ಬೇರೆಯವರನ್ನು ತಂದರೇ, ಇವನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದರೆ ಅರ್ಧ ವಾದ ಮುಗಿದಂತೆ. ಬಲವಂತದಿಂದ ರಾಜೀನಾಮೆ ಬರೆಸಿಕೊಂಡರೆ ಅದೇ ದಿನ ಇ-ಮೇಲ್‌ನಲ್ಲಿ 'ಇದು ನನ್ನ ಇಚ್ಛೆಯಿಂದಲ್ಲ, ಹಿಂಪಡೆಯುತ್ತಿದ್ದೇನೆ' ಎಂದು ಕಳುಹಿಸಿ. ವಾರ ಕಳೆದು ಹೇಳಿದರೆ ನಂಬಿಸುವುದು ಕಷ್ಟ.

ಯೂನಿಯನ್ ಮಾಡಿದ್ದಕ್ಕೇ ಕೆಲಸದಿಂದ ತೆಗೆದರೆ?

ಸಂಧಾನ ಅಥವಾ ವಿಚಾರಣೆ ನಡೆಯುತ್ತಿರುವಾಗ, ಆ ವಿವಾದಕ್ಕೆ ಸಂಬಂಧಿಸಿದ ದುರ್ನಡತೆಯ ನೆಪದಲ್ಲಿ ತೆಗೆಯಲು ಸಂಬಂಧಪಟ್ಟ ಪ್ರಾಧಿಕಾರದ ಮುಂಚಿನ ಲಿಖಿತ ಅನುಮತಿ ಬೇಕು. ಸಂಬಂಧವಿಲ್ಲದ ದುರ್ನಡತೆಯಾದರೆ ಒಂದು ತಿಂಗಳ ಸಂಬಳ ಕೊಟ್ಟು ಅನುಮೋದನೆಗೆ ಅರ್ಜಿ ಹಾಕಬೇಕು. ಈ ಅನುಮೋದನೆ ಪಡೆಯದ ವಜಾ ನಿಲ್ಲುವುದಿಲ್ಲ ಎಂದು ಹಳೆಯ ಕಾಯ್ದೆಯ ಇದೇ ಬಗೆಯ ಕಲಮಿನಡಿ 2002ರಲ್ಲಿ ಸಂವಿಧಾನ ಪೀಠ ತೀರ್ಪಿತ್ತಿದೆ. 'ರಕ್ಷಿತ ಕಾರ್ಮಿಕ' ಎಂದು ಗುರುತಿಸಿದ ಪದಾಧಿಕಾರಿಗಳ ವಿಷಯದಲ್ಲಿ ಎರಡೂ ಸಂದರ್ಭಗಳಲ್ಲಿ ಮುಂಚಿನ ಅನುಮತಿ ಕಡ್ಡಾಯ. ಅವರ ಸಂಖ್ಯೆ ಒಟ್ಟು ಕಾರ್ಮಿಕರ ಶೇ. 1, ಕನಿಷ್ಠ 5, ಗರಿಷ್ಠ 100. ಆ ಪಟ್ಟಿಯನ್ನು ಸಂಘವೇ ಬರೆದು ಕೊಡಬೇಕು, ಕೊಡದಿದ್ದರೆ ರಕ್ಷಣೆಯೂ ಇಲ್ಲ. ಎಷ್ಟೋ ಸಂಘಗಳು ಮರೆಯುವ ಕಾಗದ ಇದು.

ವಜಾ ಆದವರು ಸಂಘವಿಲ್ಲದೆಯೂ ಒಬ್ಬರೇ ಹೋರಾಡಬಹುದು. ಸಂಧಾನಾಧಿಕಾರಿಗೆ ಅರ್ಜಿ ಕೊಟ್ಟು 45 ದಿನ ಕಳೆದರೆ ನೇರ ನ್ಯಾಯಮಂಡಳಿ. ಗಡುವು ವಜಾ ಆದ ದಿನದಿಂದ ಎರಡು ವರ್ಷ, ಹಿಂದೆ ಮೂರು ವರ್ಷವಿತ್ತು. ಅಮಾನತ್ತಿನಲ್ಲಿದ್ದರೆ ಕರ್ನಾಟಕದ 1988ರ ಜೀವನಾಧಾರ ಭತ್ಯೆ ಕಾಯ್ದೆಯಂತೆ ಮೊದಲ 90 ದಿನ ಸಂಬಳದ ಶೇ. 50, ನಂತರ 180 ದಿನದವರೆಗೆ ಶೇ. 75, ಆಮೇಲೆ ಶೇ. 90.

ಗುತ್ತಿಗೆ ಮತ್ತು ನಿಗದಿತ ಅವಧಿಯ ಕಾರ್ಮಿಕರು ಸೇರಬಹುದೇ?

ಸೇರಬಹುದು. ಆದರೆ ಗುತ್ತಿಗೆ ಕಾರ್ಮಿಕರ ಹೆಸರು ಸಾಮಾನ್ಯವಾಗಿ ಗುತ್ತಿಗೆದಾರರ ಮಸ್ಟರ್ ರೋಲ್‌ನಲ್ಲಿರುವುದರಿಂದ ಶೇ. 51ರ ಲೆಕ್ಕದಲ್ಲಿ ತಕರಾರು ಏಳುತ್ತದೆ. ನಿಗದಿತ ಅವಧಿಯವರಿಗೆ ಅಪಾಯ ಬೇರೆ ರೀತಿಯದು: ಅವಧಿ ಮುಗಿದಾಗ ನವೀಕರಿಸದಿದ್ದರೆ ಅದನ್ನು ಉದ್ಯೋಗ ಕಡಿತ (ರಿಟ್ರೆಂಚ್ಮೆಂಟ್) ಎಂದು ಪರಿಗಣಿಸುವುದಿಲ್ಲ. ಅವರನ್ನು ಮುಂಚೂಣಿಗೆ ತಳ್ಳದೆ ಕಾಯಂ ಕಾರ್ಮಿಕರೇ ಮುಂದೆ ನಿಲ್ಲಬೇಕು.

ಐಟಿ ಕಂಪನಿಗಳಿಗೆ ಕಾರ್ಮಿಕ ಕಾನೂನಿಂದ ವಿನಾಯಿತಿ ಇದೆಯಲ್ಲ?

ಕರ್ನಾಟಕ ಸರ್ಕಾರ ಕಾಲಕಾಲಕ್ಕೆ ಕೊಡುತ್ತ ಬಂದದ್ದು ಸ್ಥಾಯಿ ಆದೇಶಗಳ ಕಾಯ್ದೆಯೊಂದರಿಂದ ವಿನಾಯಿತಿ, ಅದೂ ಷರತ್ತುಗಳೊಂದಿಗೆ. ಸಂಘ ಕಟ್ಟುವುದಕ್ಕೆ, ವಿವಾದ ಹೂಡುವುದಕ್ಕೆ ಅದು ಅಡ್ಡಿಯಲ್ಲ. ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ 2017ರಲ್ಲೇ ನೋಂದಣಿಯಾಗಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಎರಡೂ ಕಡೆಯವರು ಸಮಾನ ಸಂಖ್ಯೆಯಲ್ಲಿ, ಒಟ್ಟು 10 ಮೀರದಂತೆ, ಹೆಣ್ಣುಮಕ್ಕಳು ಅವರ ಪ್ರಮಾಣಕ್ಕೆ ತಕ್ಕಂತೆ. ಸಂಘಕ್ಕೆ ಇನ್ನೂ ಜನ ಹೆದರುತ್ತಿರುವ ಕಚೇರಿಯಲ್ಲಿ ಮೊದಲು ಈ ಸಮಿತಿ ರಚಿಸಲು ಬರೆದು ಕೇಳಿ. ಅದಕ್ಕೆ ಕೊಡುವ ದೂರು 30 ದಿನದೊಳಗೆ ಇತ್ಯರ್ಥವಾಗಬೇಕು.

ಡೆಲಿವರಿ, ಕ್ಯಾಬ್ ಓಡಿಸುವವರಿಗೆ?

ಸಾಮಾಜಿಕ ಭದ್ರತಾ ಸಂಹಿತೆ ಗಿಗ್ ಕಾರ್ಮಿಕರನ್ನು ಸಾಂಪ್ರದಾಯಿಕ ಮಾಲೀಕ-ನೌಕರ ಸಂಬಂಧದ ಹೊರಗಿನವರೆಂದು ಕರೆದಿರುವುದರಿಂದ 14ನೇ ಕಲಮಿನ ಮಾನ್ಯತೆ ಅವರಿಗೆ ಸುಲಭವಾಗಿ ಒದಗುವುದಿಲ್ಲ. ಒಟ್ಟುಗೂಡುವ ಹಕ್ಕು ಮಾತ್ರ ಸಂವಿಧಾನದ್ದು, ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ಪಾವತಿಯ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಿಧಿಸುತ್ತದೆ, ಕೆಲಸದಿಂದ ತೆಗೆಯುವ ಮುನ್ನ ಕಾರಣ ಬರೆದು 14 ದಿನದ ನೋಟಿಸ್ ಕೊಡಬೇಕೆನ್ನುತ್ತದೆ. ಐಡಿ ಬ್ಲಾಕ್ ಆದ ಕೂಡಲೇ ಆ ಪರದೆಯ ಸ್ಕ್ರೀನ್‌ಶಾಟ್, ಕೊನೆಯ ಮೂರು ತಿಂಗಳ ಪಾವತಿಯ ವಿವರ ತೆಗೆದಿಟ್ಟುಕೊಳ್ಳಿ. ಖಾತೆ ಮುಚ್ಚಿದ ಮೇಲೆ ಆ್ಯಪ್‌ನೊಳಗೆ ಹೋಗಿ ಅದನ್ನು ಪಡೆಯಲು ಆಗುವುದಿಲ್ಲ.